ಹರಿವಿನ ಹಿಡಿತ ಯಾರ ಕೈಯಲ್ಲಿ? ರಿಯಾಕ್ಟಿವ್ ಲೈಬ್ರರಿಗಳು ನಡೆದುಬಂದ ದಾರಿ

ಜಾವಾ ಜಗತ್ತಿನಲ್ಲಿ ಹೊಸ ಸರ್ವಿಸ್ ಬರೆಯಲು ಕೂತ ತಂಡದ ಮುಂದೆ ಇವತ್ತು ಕನಿಷ್ಠ ಐದು ಹೆಸರುಗಳಿವೆ: ಆರ್‌ಎಕ್ಸ್‌ಜಾವಾ, ರಿಯಾಕ್ಟರ್, ಅಕ್ಕಾ ಸ್ಟ್ರೀಮ್ಸ್ ಮತ್ತು ಅದರ ಕವಲಾದ ಪೆಕ್ಕೊ, ಮ್ಯೂಟಿನಿ, ಕಾಟ್ಲಿನ್ ಫ್ಲೋ. ಮೇಲ್ನೋಟಕ್ಕೆ ಎಲ್ಲವೂ ಮಾಡುವುದು ಒಂದೇ ಕೆಲಸ. ಒಂದರ ಹಿಂದೊಂದು ಬರುವ ಡೇಟಾವನ್ನು, ಅದು ಆರ್ಡರ್ ಇರಲಿ, ಷೇರಿನ ಬೆಲೆ ಇರಲಿ, ಬಳಕೆದಾರ ಒತ್ತಿದ ಕೀಲಿ ಇರಲಿ, ಸೋಸಿ, ಮಾರ್ಪಡಿಸಿ, ಬೇರೆ ಹರಿವಿನ ಜೊತೆ ಕೂಡಿಸಿ ಮುಂದಕ್ಕೆ ದಾಟಿಸುತ್ತವೆ. ಮ್ಯಾಪ್, ಫಿಲ್ಟರ್, ಮರ್ಜ್‌ನಂಥ ಆಪರೇಟರ್‌ಗಳು ಹೆಸರು ಕೊಂಚ ಆಚೀಚೆಯಾಗಿ ಎಲ್ಲದರಲ್ಲೂ ಇವೆ. ಹಾಗಾಗಿ ಆಪರೇಟರ್‌ಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ.

ಈ ಲೈಬ್ರರಿಗಳ ನಿಜವಾದ ವ್ಯತ್ಯಾಸ ಇರುವುದು ಅವು ಹುಟ್ಟಿದ ಸಂದರ್ಭದಲ್ಲಿ. ಡೇಟಾ ಕಳಿಸುವವನ ವೇಗ ಪಡೆಯುವವನ ವೇಗಕ್ಕಿಂತ ಹೆಚ್ಚಾದಾಗ ಏನು ಮಾಡಬೇಕು? ಈ ಒಂದು ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಉತ್ತರಗಳೇ ಈ ಕ್ಷೇತ್ರದ ಚರಿತ್ರೆ. ಆ ಚರಿತ್ರೆ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ಪುಕ್ಕಟೆ ಸಿಕ್ಕಿದ್ದನ್ನು ಕಳೆದುಕೊಂಡದ್ದು

1973ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ಪೈಪ್ ಸೇರಿಸಿದರು. ಅವರ ಸಹೋದ್ಯೋಗಿ ಡಗ್ ಮೆಕ್‌ಇಲ್‌ರಾಯ್ ವರ್ಷಗಳಿಂದ ಅದಕ್ಕಾಗಿ ಒತ್ತಾಯಿಸುತ್ತಿದ್ದರು. ಒಂದು ಪ್ರೋಗ್ರಾಂ ಹೊರಹಾಕಿದ್ದನ್ನು ಇನ್ನೊಂದು ಪ್ರೋಗ್ರಾಂ ಒಳಗೆಳೆದುಕೊಳ್ಳುವ ಈ ವ್ಯವಸ್ಥೆಯಲ್ಲಿ ವೇಗದ ಸಮಸ್ಯೆಗೆ ಉತ್ತರ ಆಗಲೇ ಇತ್ತು. ಇವತ್ತಿನ ಲಿನಕ್ಸ್‌ನಲ್ಲಿ ಪೈಪ್‌ನ ಬಫರ್ ಸಾಮಾನ್ಯವಾಗಿ 64 ಕಿಲೋಬೈಟ್. ಅದು ತುಂಬಿತೆಂದರೆ ಬರೆಯುವ ಪ್ರೋಗ್ರಾಂ ಅಲ್ಲೇ ತಡೆದು ನಿಲ್ಲುತ್ತದೆ. ಓದುವ ಪ್ರೋಗ್ರಾಂ ಒಂದಿಷ್ಟು ಖಾಲಿ ಮಾಡಿದ ಮೇಲೆ ಮತ್ತೆ ಹೊರಡುತ್ತದೆ. ನಿಧಾನ ಮಾಡು ಎಂದು ಯಾರೂ ಕೋಡ್ ಬರೆಯಬೇಕಿಲ್ಲ. ಟಿಸಿಪಿಯಲ್ಲೂ ಇಂಥದ್ದೇ ಏರ್ಪಾಡಿದೆ. ಪಡೆಯುವವನು ತನ್ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕಳಿಸುವವನಿಗೆ ತಿಳಿಸುತ್ತಲೇ ಇರುತ್ತಾನೆ.

ಈ ಸೌಲಭ್ಯ ಕೈತಪ್ಪಿದ್ದು ಸರ್ವರ್‌ಗಳ ಮೇಲೆ ಭಾರ ಹೆಚ್ಚಿದಾಗ. ಪ್ರತಿ ಗ್ರಾಹಕನಿಗೂ ಒಂದು ಥ್ರೆಡ್ ಎಂಬ ಹಳೆಯ ಪದ್ಧತಿಯಲ್ಲಿ ಥ್ರೆಡ್ ದುಬಾರಿ. 64 ಬಿಟ್ ಲಿನಕ್ಸ್‌ನಲ್ಲಿ ಜಾವಾದ ಒಂದು ಥ್ರೆಡ್‌ನ ಸ್ಟ್ಯಾಕ್‌ಗೆಂದೇ ಸಾಮಾನ್ಯವಾಗಿ 1 ಮೆಗಾಬೈಟ್ ವಿಳಾಸ ಮೀಸಲಾಗುತ್ತದೆ. ಒಂದೇ ಸರ್ವರ್ ಹತ್ತು ಸಾವಿರ ಗ್ರಾಹಕರನ್ನು ಏಕಕಾಲಕ್ಕೆ ನಿಭಾಯಿಸುವುದು ಹೇಗೆ ಎಂದು ಡ್ಯಾನ್ ಕೆಗೆಲ್ 1999ರಲ್ಲಿ ಕೇಳಿದ ಪ್ರಶ್ನೆ ಸಿ10ಕೆ ಸಮಸ್ಯೆ ಎಂದೇ ಹೆಸರಾಯಿತು. ಉತ್ತರವಾಗಿ ಬಂದದ್ದು ಈವೆಂಟ್ ಲೂಪ್ ಮತ್ತು ಕಾಲ್‌ಬ್ಯಾಕ್. ಕೆಲವೇ ಥ್ರೆಡ್‌ಗಳು ಯಾವುದಕ್ಕೂ ಕಾಯದೆ ಓಡುತ್ತಿರುತ್ತವೆ; ಉತ್ತರ ಬಂದಾಗ ಕರೆಯಬೇಕಾದ ಫಂಕ್ಷನ್ನನ್ನು ಮೊದಲೇ ಕೊಟ್ಟಿರಬೇಕು.

ಇದರಿಂದ ಎರಡು ಕಷ್ಟ ಹುಟ್ಟಿದವು. ಕಾಲ್‌ಬ್ಯಾಕ್‌ನೊಳಗೆ ಕಾಲ್‌ಬ್ಯಾಕ್ ಸೇರಿ ಕೋಡ್ ಓದಲಾಗದಂತಾಯಿತು. ಇದು ಎಲ್ಲರ ಕಣ್ಣಿಗೆ ಬಿತ್ತು. ಇನ್ನೊಂದು ಬಹಳ ದಿನ ಯಾರಿಗೂ ಕಾಣಲಿಲ್ಲ. ಯಾರೂ ಕಾಯುವುದೇ ಇಲ್ಲವೆಂದ ಮೇಲೆ ಕಳಿಸುವವನನ್ನು ತಡೆಯುವವರೂ ಇರಲಿಲ್ಲ. ಮುಂದಿನ ಹಂತ ನಿಧಾನವಾದರೆ ಡೇಟಾ ಮೆಮೊರಿಯಲ್ಲಿ ಪೇರುತ್ತ ಹೋಗಿ ಒಂದು ದಿನ ಪ್ರೋಗ್ರಾಂ ಕುಸಿಯುತ್ತಿತ್ತು.

ಮೈಕ್ರೋಸಾಫ್ಟ್‌ನ ತಿರುವು

ಮೊದಲ ಕಷ್ಟಕ್ಕೆ ಸೊಗಸಾದ ಉತ್ತರ ಬಂದದ್ದು ಮೈಕ್ರೋಸಾಫ್ಟ್‌ನಿಂದ. ಅದಕ್ಕೂ ಮುಂಚೆ, 1997ರಲ್ಲಿ, ಕೊನಾಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಹ್ಯಾಸ್ಕೆಲ್ ಭಾಷೆಯಲ್ಲಿ ಅನಿಮೇಷನ್ ಬರೆಯಲು ಫ್ರಾನ್ ಎಂಬ ಪದ್ಧತಿ ರೂಪಿಸಿದ್ದರು. ಕಾಲದೊಂದಿಗೆ ಎಡೆಬಿಡದೆ ಬದಲಾಗುವ ಮೌಲ್ಯಗಳನ್ನು ಸೂತ್ರದಂತೆ ಬರೆಯುವುದು ಅದರ ಉದ್ದೇಶ. ಫಂಕ್ಷನಲ್ ರಿಯಾಕ್ಟಿವ್ ಪ್ರೋಗ್ರಾಮಿಂಗ್ ಎಂಬ ಹೆಸರು ಆ ಪರಂಪರೆಗೆ ಸೇರಿದ್ದು. ಇಂದಿನ ಲೈಬ್ರರಿಗಳು ಬಿಡಿಬಿಡಿ ಘಟನೆಗಳ ಸರಣಿಯೊಡನೆ ವ್ಯವಹರಿಸುತ್ತವೆ. ಫ್ರಾನ್‌ಗೆ ಅವು ದೂರದ ನೆಂಟರಷ್ಟೇ.

ಹತ್ತಿರದ ಪೂರ್ವಜ ಎರಿಕ್ ಮೈಯರ್ ಮತ್ತು ಅವರ ಸಂಗಡಿಗರು ಕಟ್ಟಿದ ರಿಯಾಕ್ಟಿವ್ ಎಕ್ಸ್‌ಟೆನ್ಷನ್ಸ್, ಅಂದರೆ ಆರ್‌ಎಕ್ಸ್. ಅದು ಡಾಟ್‌ನೆಟ್‌ಗಾಗಿ 2009ರ ಕೊನೆಗೆ ಹೊರಬಂತು. ಮೈಯರ್ ಅವರ ಯೋಚನೆ ಸರಳವಾಗಿತ್ತು. ಪಟ್ಟಿಯೊಂದರಿಂದ ನಾವು ಒಂದೊಂದೇ ಅಂಶವನ್ನು ಕೇಳಿ ಪಡೆಯುತ್ತೇವೆ. ಅದನ್ನೇ ತಿರುವುಮುರುವು ಮಾಡಿದರೆ, ಅಂಶಗಳು ತಾವಾಗಿಯೇ ನಮ್ಮ ಬಳಿ ಬರುವ ಅಬ್ಸರ್ವಬಲ್ ಸಿಗುತ್ತದೆ. ಪಟ್ಟಿಯ ಮೇಲೆ ನಡೆಸುವ ಸೋಸುವಿಕೆ, ಜೋಡಣೆ, ಗುಂಪುಗೂಡಿಕೆ ಎಲ್ಲವನ್ನೂ ಘಟನೆಗಳ ಮೇಲೂ ನಡೆಸಬಹುದು.

ಹುಡುಕು ಪೆಟ್ಟಿಗೆಯಲ್ಲಿ ಬಳಕೆದಾರ ಅಕ್ಷರ ಒತ್ತುತ್ತಿದ್ದಾನೆ ಎನ್ನಿ. ಅವನು ಕ್ಷಣಕಾಲ ನಿಲ್ಲುವವರೆಗೆ ಕಾಯಬೇಕು, ಪದ ಬದಲಾಗಿದ್ದರೆ ಮಾತ್ರ ಸರ್ವರನ್ನು ಕೇಳಬೇಕು, ಹೊಸ ಪದ ಬಂದರೆ ಹಳೆಯ ವಿಚಾರಣೆಯನ್ನು ರದ್ದುಮಾಡಬೇಕು. ಕೈಯಾರೆ ಬರೆದರೆ ಟೈಮರ್, ಧ್ವಜ, ಲಾಕ್ ಎಂದು ಪುಟ ತುಂಬುವ ಈ ಕೆಲಸ ಆರ್‌ಎಕ್ಸ್‌ನಲ್ಲಿ ಮೂರು ಆಪರೇಟರ್‌ಗಳ ಮಾತು: ಡಿಬೌನ್ಸ್, ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್, ಸ್ವಿಚ್. ಕಾಲವನ್ನೂ ರದ್ದತಿಯನ್ನೂ ಒಟ್ಟಿಗೆ ನಿಭಾಯಿಸುವ ಈ ಗುಣವೇ ಇಂದಿಗೂ ಇಂಥ ಲೈಬ್ರರಿಗಳ ಅಸಲಿ ಬಂಡವಾಳ.

ಆದರೆ ತಿರುವುಮುರುವು ಮಾಡಿದ್ದರ ಬೆಲೆಯೂ ಇತ್ತು. ಪಟ್ಟಿಯಿಂದ ಪಡೆಯುವಾಗ ವೇಗ ನಮ್ಮ ಕೈಯಲ್ಲಿರುತ್ತದೆ. ಅಬ್ಸರ್ವಬಲ್‌ನಲ್ಲಿ ಅದು ಕಳಿಸುವವನ ಕೈಗೆ ಹೋಯಿತು. ತಡಿ ಎನ್ನಲು ಪಡೆಯುವವನಿಗೆ ದಾರಿಯೇ ಇರಲಿಲ್ಲ. ಪರದೆಯ ಮೇಲಿನ ಘಟನೆಗಳ ಮಟ್ಟಿಗೆ ಇದು ಕೊರತೆ ಅನ್ನಿಸಲಿಲ್ಲ. ಬಳಕೆದಾರನ ಕೈಯಲ್ಲಿರುವ ಮೌಸನ್ನು ಯಾವ ಲೈಬ್ರರಿಯೂ ನಿಲ್ಲಿಸಲಾರದು.

ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳು

ಕೊರತೆ ಎದ್ದು ಕಂಡದ್ದು ಆರ್‌ಎಕ್ಸ್ ಸರ್ವರ್‌ಗೆ ಬಂದಾಗ. ಒಂದು ಪರದೆ ತುಂಬಿಸಲು ಹಿಂದಿರುವ ಹಲವು ಸರ್ವಿಸ್‌ಗಳನ್ನು ಏಕಕಾಲಕ್ಕೆ ಕೇಳಿ ಉತ್ತರಗಳನ್ನು ಜೋಡಿಸಬೇಕಾದ ಕೆಲಸ ನೆಟ್‌ಫ್ಲಿಕ್ಸ್‌ನದು. ಆರ್‌ಎಕ್ಸ್ ಬಲ್ಲ ಜಫರ್ ಹುಸೇನ್ ಅದನ್ನು ಅಲ್ಲಿ ಪರಿಚಯಿಸಿದರು. ಬೆನ್ ಕ್ರಿಸ್ಟೆನ್ಸನ್ ಜಾವಾಕ್ಕೆ ತಂದರು. 2013ರ ಫೆಬ್ರುವರಿಯಲ್ಲಿ ಆರ್‌ಎಕ್ಸ್‌ಜಾವಾ ಸಾರ್ವಜನಿಕವಾಯಿತು, 2014ರ ನವೆಂಬರಿನಲ್ಲಿ 1.0 ಆವೃತ್ತಿ ಬಂತು.

ಎರಡು ಹರಿವುಗಳನ್ನು ಜೋಡಿ ಜೋಡಿಯಾಗಿ ಕೂಡಿಸುವ ಜಿಪ್ ಆಪರೇಟರನ್ನು ನೋಡಿ. ಒಂದು ಹರಿವು ವೇಗ, ಇನ್ನೊಂದು ನಿಧಾನ. ವೇಗದ್ದು ತನ್ನ ಜೊತೆಗಾರನಿಗಾಗಿ ಎಲ್ಲೋ ಕಾದಿರಲೇಬೇಕು. ಆ ಸಾಲಿಗೆ ಮಿತಿ ಇಲ್ಲದಿದ್ದರೆ ಮೆಮೊರಿ ಮುಗಿಯುತ್ತದೆ. 1.0 ಬರುವ ಹೊತ್ತಿಗೆ ಬ್ಯಾಕ್‌ಪ್ರೆಶರ್ ಸೇರಿಸಿದರು. ಪಡೆಯುವವನು ಇಷ್ಟು ಕೊಡು ಎಂದು ಕೇಳುವುದು, ಕಳಿಸುವವನು ಅಷ್ಟೇ ಕೊಡುವುದು ಅದರ ನಿಯಮ. ಆದರೆ ಕಟ್ಟಡ ಎದ್ದ ಮೇಲೆ ಸೇರಿಸಿದ ಕಂಬವಾದ್ದರಿಂದ ಎಲ್ಲ ಮೂಲಗಳೂ ಅದನ್ನು ಪಾಲಿಸುತ್ತಿರಲಿಲ್ಲ. ಪಾಲಿಸದ ಮೂಲ ಸಿಕ್ಕಾಗ ಪ್ರೋಗ್ರಾಂ ಓಡುತ್ತಿರುವಾಗಲೇ 'ಮಿಸ್ಸಿಂಗ್ ಬ್ಯಾಕ್‌ಪ್ರೆಶರ್' ಎಂಬ ಎಕ್ಸೆಪ್ಷನ್ ಬೀಳುತ್ತಿತ್ತು. ಆ ಕಾಲದ ಆರ್‌ಎಕ್ಸ್‌ಜಾವಾ ಬಳಸಿದವರಿಗೆ ಈ ಹೆಸರು ಚೆನ್ನಾಗಿಯೇ ನೆನಪಿರುತ್ತದೆ.

ಏಳು ಮೆಥಡ್‌ಗಳ ಒಪ್ಪಂದ

2013ರ ಕೊನೆಗೆ ನೆಟ್‌ಫ್ಲಿಕ್ಸ್, ಸ್ಪ್ರಿಂಗ್‌ನ ಹಿಂದಿದ್ದ ಪಿವೋಟಲ್, ಅಕ್ಕಾದ ಹಿಂದಿದ್ದ ಟೈಪ್‌ಸೇಫ್ ಕಂಪನಿಗಳ ಎಂಜಿನಿಯರ್‌ಗಳು ಒಂದಾಗಿ ಕೂತರು. ಅವರ ಕೆಲಸದ ಫಲ 2015ರ ಏಪ್ರಿಲ್‌ನಲ್ಲಿ ಬಂದ ರಿಯಾಕ್ಟಿವ್ ಸ್ಟ್ರೀಮ್ಸ್ 1.0. ಇದು ಲೈಬ್ರರಿಯಲ್ಲ, ಲೈಬ್ರರಿಗಳ ನಡುವಿನ ಒಪ್ಪಂದ. ಪಬ್ಲಿಷರ್, ಸಬ್‌ಸ್ಕ್ರೈಬರ್, ಸಬ್‌ಸ್ಕ್ರಿಪ್ಷನ್, ಪ್ರೊಸೆಸರ್ ಎಂಬ ನಾಲ್ಕು ಇಂಟರ್‌ಫೇಸ್‌ಗಳು, ಎಲ್ಲ ಸೇರಿ ಏಳೇ ಮೆಥಡ್‌ಗಳು. ಮೆಥಡ್‌ಗಳಿಗಿಂತ ನಿಯಮಗಳ ಪಟ್ಟಿ ಉದ್ದ. ನಿಯಮ ಪಾಲನೆಯನ್ನು ಒರೆಗೆ ಹಚ್ಚುವ ಪರೀಕ್ಷೆಗಳ ಕಟ್ಟೂ ಜೊತೆಗೇ ಬಂತು.

ಒಪ್ಪಂದದ ತಿರುಳು ರಿಕ್ವೆಸ್ಟ್ ಎಂಬ ಒಂದು ಮೆಥಡ್. ನಮ್ಮ ಕೆರೆಗಳ ನೀರುಗಂಟಿ ಗದ್ದೆಗೆ ಬೇಕಾದಷ್ಟೇ ತೂಬು ಎತ್ತುವ ಹಾಗೆ, ಪಡೆಯುವವನು ಕೇಳಿದಷ್ಟು ಅಂಶಗಳು ಮಾತ್ರ ಕೆಳಗಿಳಿಯುತ್ತವೆ. ಕೇಳದೆ ಒಂದನ್ನೂ ಕಳಿಸುವಂತಿಲ್ಲ. ಪೈಪ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ ಹಿಡಿತವನ್ನು ಹೀಗೆ ಕಾಯದ ಜಗತ್ತಿಗೆ ಮರಳಿ ತಂದದ್ದಾಯಿತು. 2017ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 9 ಇದೇ ಇಂಟರ್‌ಫೇಸ್‌ಗಳನ್ನು ಫ್ಲೋ ಎಂಬ ಕ್ಲಾಸ್‌ನಡಿ ತನ್ನ ಸ್ಟ್ಯಾಂಡರ್ಡ್ ಲೈಬ್ರರಿಯೊಳಗೇ ಸೇರಿಸಿಕೊಂಡಿತು. ಕಾಟ್ಲಿನ್‌ನ ಫ್ಲೋ ಬೇರೆ, ಇದು ಬೇರೆ. ಇದರಲ್ಲಿ ಒಪ್ಪಂದವಿದೆಯೇ ಹೊರತು ಆಪರೇಟರ್‌ಗಳಿಲ್ಲ.

ಒಪ್ಪಂದದ ನೆರಳಿನಲ್ಲಿ ಬೆಳೆದವರು

ಒಪ್ಪಂದಕ್ಕೆ ಹೊಂದಿಕೊಂಡು ಆರ್‌ಎಕ್ಸ್‌ಜಾವಾ 2016ರ ಅಕ್ಟೋಬರಿನಲ್ಲಿ ತನ್ನನ್ನು ಬುಡದಿಂದ ಮತ್ತೆ ಕಟ್ಟಿಕೊಂಡಿತು. ಈ ಎರಡನೇ ಆವೃತ್ತಿಯ ಮುಖ್ಯ ಶಿಲ್ಪಿ ಡೇವಿಡ್ ಕಾರ್ನೋಕ್. ಹಳೆಯ ಗೊಂದಲಕ್ಕೆ ಅವರು ಕೊಟ್ಟ ಪರಿಹಾರ ನೇರವಾಗಿತ್ತು: ಬ್ಯಾಕ್‌ಪ್ರೆಶರ್ ಬೇಕಾದಲ್ಲಿ ಫ್ಲೋವಬಲ್, ಬೇಡವಾದಲ್ಲಿ ಅಬ್ಸರ್ವಬಲ್. ಮೂರನೇ ಆವೃತ್ತಿ 2020ರಲ್ಲಿ ಬಂತು. ಒಂದನೇ ಆವೃತ್ತಿಗೆ 2018ರಲ್ಲಿ, ಎರಡನೆಯದಕ್ಕೆ 2021ರಲ್ಲಿ ಬೆಂಬಲ ನಿಂತಿತು. ಪ್ರತಿ ಆವೃತ್ತಿಯ ಪ್ಯಾಕೇಜ್ ಹೆಸರೂ ಬೇರೆಯಾದ್ದರಿಂದ ಒಂದೇ ಪ್ರಾಜೆಕ್ಟ್‌ನಲ್ಲಿ ಎರಡು ಆವೃತ್ತಿಗಳು ಒಟ್ಟಿಗಿರಬಲ್ಲವು. ಹಳೆಯ ಆಂಡ್ರಾಯ್ಡ್ ಆಪ್‌ಗಳನ್ನು ಮೆಲ್ಲಗೆ ಬದಲಾಯಿಸುವವರಿಗೆ ಇದೇ ಆಸರೆ.

ಪಿವೋಟಲ್‌ನ ರಿಯಾಕ್ಟರ್ 2013ರಿಂದಲೇ ಇತ್ತು, ಆದರೆ ಈಗಿನ ರೂಪ ಪಡೆದದ್ದು 2016ರ ಮೂರನೇ ಆವೃತ್ತಿಯಲ್ಲಿ. ಸೊನ್ನೆ ಅಥವಾ ಒಂದು ಉತ್ತರ ಬರುವಲ್ಲಿ ಮೋನೋ, ಹಲವು ಬರುವಲ್ಲಿ ಫ್ಲಕ್ಸ್. ಸ್ಟೆಫಾನ್ ಮಾಲ್ದಿನಿ ಇದರ ಮುಂಚೂಣಿಯಲ್ಲಿದ್ದರು. ಆಪರೇಟರ್‌ಗಳನ್ನು ಒಂದರೊಳಗೊಂದು ಬೆಸೆದು ವೇಗ ಹೆಚ್ಚಿಸುವ ಕೆಲಸದಲ್ಲಿ ಕಾರ್ನೋಕ್ ಅವರೂ ಜೊತೆಯಾಗಿದ್ದರು. ಎರಡೂ ಲೈಬ್ರರಿಗಳ ಒಳಗೆ ಒಂದೇ ಚಿಂತನೆ ಹರಿದಿರುವುದರಿಂದ ರಿಯಾಕ್ಟರ್ ವೇಗವೋ ಆರ್‌ಎಕ್ಸ್‌ಜಾವಾ ವೇಗವೋ ಎಂಬ ಚರ್ಚೆಯಲ್ಲಿ ಹೆಚ್ಚು ಹುರುಳಿಲ್ಲ. 2017ರಲ್ಲಿ ಸ್ಪ್ರಿಂಗ್ 5 ತನ್ನ ವೆಬ್‌ಫ್ಲಕ್ಸನ್ನು ರಿಯಾಕ್ಟರ್ ಮೇಲೆ ಕಟ್ಟಿತು. ಅಲ್ಲಿಂದ ಸ್ಪ್ರಿಂಗ್ ಬಳಸುವವರಿಗೆ ಆಯ್ಕೆಯ ಪ್ರಶ್ನೆಯೇ ಹೆಚ್ಚೂಕಡಿಮೆ ಮುಗಿಯಿತು.

ಅಕ್ಕಾ ಸ್ಟ್ರೀಮ್ಸ್‌ನ ಹಿನ್ನೆಲೆ ಬೇರೆ. ಯೂನಾಸ್ ಬೊನೇರ್ 2009ರಲ್ಲಿ ಶುರುಮಾಡಿದ ಅಕ್ಕಾ ಆ್ಯಕ್ಟರ್ ಮಾದರಿಯದು. ಸ್ಟ್ರೀಮ್ಸ್ ಅದರ ಮೇಲೆ 2015ರಲ್ಲಿ ಎದ್ದಿತು. ಇಲ್ಲಿ ಮೊದಲು ಹರಿವಿನ ನಕ್ಷೆ ಬರೆಯುತ್ತೇವೆ, ಕವಲು ಒಡೆಯುವುದು, ಮತ್ತೆ ಕೂಡುವುದು, ತಿರುಗಿ ಸುತ್ತುವುದು ಎಲ್ಲ ಸೇರಿಸಿ; ಆಮೇಲೆ ಅದನ್ನು ಓಡಿಸುತ್ತೇವೆ. ತೊಡಕಿನ ನಕ್ಷೆಗಳಿಗೆ ಇದರಷ್ಟು ಅನುಕೂಲ ಬೇರೆಯದರಲ್ಲಿಲ್ಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಅಕ್ಕಾ ಅಪಾಚೆ ಲೈಸೆನ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೊರಳಿತು. ಒಂದು ಮಟ್ಟದ ಆದಾಯ ದಾಟಿದ ಕಂಪನಿಗಳು ಪ್ರೊಡಕ್ಷನ್‌ನಲ್ಲಿ ಬಳಸಲು ಹಣ ತೆರಬೇಕಾಯಿತು. ಅದಕ್ಕೆ ಪ್ರತಿಯಾಗಿ ಹಳೆಯ 2.6 ಸರಣಿಯ ಕೋಡ್‌ನಿಂದ ಅಪಾಚೆ ಪೆಕ್ಕೊ ಹುಟ್ಟಿತು. 2023ರಲ್ಲಿ ಅದರ 1.0 ಬಂತು, ಅದೇ ವರ್ಷ ಪ್ಲೇ ಫ್ರೇಮ್‌ವರ್ಕ್ ತನ್ನ 3.0 ಆವೃತ್ತಿಯಲ್ಲಿ ಅಕ್ಕಾದಿಂದ ಪೆಕ್ಕೊಗೆ ಬದಲಾಯಿತು. ಲೈಬ್ರರಿ ಆರಿಸುವಾಗ ಲೈಸೆನ್ಸ್ ಫೈಲನ್ನೂ ಅದನ್ನು ಬದಲಾಯಿಸಬಲ್ಲವರು ಯಾರೆಂಬುದನ್ನೂ ನೋಡಬೇಕೆಂಬ ಪಾಠ ಇಡೀ ಕ್ಷೇತ್ರಕ್ಕೆ ಸಿಕ್ಕಿದ್ದು ಆಗಲೇ.

ಮ್ಯೂಟಿನಿ ರೆಡ್ ಹ್ಯಾಟ್‌ನ ಕ್ವಾರ್ಕಸ್ ಬಳಗದ್ದು, 2020ರ ಹೊತ್ತಿಗೆ ಬಂದದ್ದು. ನೂರಾರು ಆಪರೇಟರ್‌ಗಳ ಹೆಸರು ಬಾಯಿಪಾಠ ಮಾಡುವ ಕಷ್ಟವನ್ನೇ ಅದು ಗುರಿಯಾಗಿಸಿಕೊಂಡಿತು. ಅಂಶ ಬಂದರೆ ಏನು ಮಾಡಬೇಕು, ತಪ್ಪು ಸಂಭವಿಸಿದರೆ ಏನು ಮಾಡಬೇಕು ಎಂದು ಘಟನೆಯಿಂದ ಶುರುವಾಗಿ ಕೋಡ್ ಸಾಗುತ್ತದೆ. ಎಡಿಟರ್ ಮುಂದಿನ ಹೆಜ್ಜೆಯನ್ನು ತಾನೇ ಸೂಚಿಸುತ್ತದೆ.

ಕಾಟ್ಲಿನ್ ಫ್ಲೋ ಬೇರೆಯೇ ದಾರಿ ಹಿಡಿಯಿತು. 2018ರಲ್ಲಿ ಕಾಟ್ಲಿನ್‌ನ ಕೊರೂಟೀನ್‌ಗಳು ಸ್ಥಿರವಾದವು, 2019ರಲ್ಲಿ ಫ್ಲೋ ಬಂತು. ಕೊರೂಟೀನ್ ಥ್ರೆಡ್ಡನ್ನು ಹಿಡಿದಿಡದೆ ಕಾಯಬಲ್ಲದು. ಹಾಗಾಗಿ ಇಲ್ಲಿ ಸಾಮಾನ್ಯ ಹರಿವಿಗೆ ರಿಕ್ವೆಸ್ಟ್ ಮೆಥಡ್ ಬೇಕಿಲ್ಲ. ಪಡೆಯುವವನ ಕೆಲಸ ಮುಗಿಯುವವರೆಗೆ ಕಳಿಸುವವನು ತಡೆದು ನಿಲ್ಲುತ್ತಾನೆ, ಅಷ್ಟೇ. ಐವತ್ತು ವರ್ಷದ ಹಿಂದಿನ ಪೈಪ್‌ನ ನಡೆಯೇ ಇದು. ಗೂಗಲ್ 2019ರಲ್ಲಿ ಆಂಡ್ರಾಯ್ಡ್‌ಗೆ ಕಾಟ್ಲಿನ್ನೇ ಮೊದಲು ಎಂದು ಘೋಷಿಸಿದ ಮೇಲೆ ಹೊಸ ಆಪ್‌ಗಳಲ್ಲಿ ಆರ್‌ಎಕ್ಸ್‌ಜಾವಾದ ಜಾಗಕ್ಕೆ ಫ್ಲೋ ಬರತೊಡಗಿತು. ಐಫೋನ್ ಕಡೆ ಆ್ಯಪಲ್ ಅದೇ ವರ್ಷ ಕಂಬೈನ್ ತಂದಿತು. ಬ್ರೌಸರಿನಲ್ಲಿ ಆ್ಯಂಗ್ಯುಲರ್ ಮೊದಲಿಂದ ಆರ್‌ಎಕ್ಸ್‌ಜೆಎಸ್ ನೆಚ್ಚಿಕೊಂಡಿತ್ತು; 2023ರಿಂದ ಸರಳ ಸ್ಥಿತಿಯನ್ನು ಸಿಗ್ನಲ್‌ಗಳಿಗೆ ವಹಿಸುತ್ತಿದೆ.

ಇವುಗಳ ಜೊತೆ ಕಾಫ್ಕಾ ಸ್ಟ್ರೀಮ್ಸ್, ಫ್ಲಿಂಕ್ ಹೆಸರುಗಳನ್ನೂ ಒಂದೇ ಪಟ್ಟಿಗೆ ಸೇರಿಸುವವರಿದ್ದಾರೆ. ಅವುಗಳ ಕೆಲಸ ಬೇರೆ. ಯಂತ್ರ ಕೆಟ್ಟರೂ ಲೆಕ್ಕ ಕಳೆಯದಂತೆ ಸ್ಥಿತಿಯನ್ನು ಉಳಿಸಿಕೊಂಡು, ಹಲವು ಯಂತ್ರಗಳ ಮೇಲೆ ಹರಡಿ ಓಡುವುದಕ್ಕೆಂದೇ ಅವು ಇವೆ. ರಿಯಾಕ್ಟರ್‌ನ ಫ್ಲಕ್ಸ್ ಇರುವ ಪ್ರೋಗ್ರಾಂ ನಿಂತರೆ ಅದರೊಳಗಿದ್ದದ್ದೂ ಹೋಯಿತು. ಹಿಂದಿನ ಒಂದು ಗಂಟೆಯ ವಹಿವಾಟಿನ ಮೊತ್ತ ರೀಸ್ಟಾರ್ಟ್ ಆದ ಮೇಲೂ ಸರಿಯಿರಬೇಕು ಎಂದರೆ ಈ ಲೇಖನದ ಐದೂ ಲೈಬ್ರರಿಗಳು ಒಂಟಿಯಾಗಿ ಸಾಲವು.

ತೆತ್ತ ಬೆಲೆ

ರಿಯಾಕ್ಟಿವ್ ಕೋಡ್ ಬರೆಯುವುದಕ್ಕಿಂತ ರಾತ್ರಿ ಎರಡು ಗಂಟೆಗೆ ಅದರ ದೋಷ ಹುಡುಕುವುದು ಕಷ್ಟ. ಎಕ್ಸೆಪ್ಷನ್ ಬಿದ್ದಾಗ ಸ್ಟ್ಯಾಕ್ ಟ್ರೇಸ್‌ನಲ್ಲಿ ಕಾಣುವುದು ಹೆಚ್ಚಾಗಿ ಲೈಬ್ರರಿಯ ಒಳಗಿನ ಕ್ಲಾಸ್‌ಗಳು. ನಾವು ಬರೆದ ಸಾಲು ಎಲ್ಲೋ ಹೂತಿರುತ್ತದೆ. ಥ್ರೆಡ್‌ಗೆ ಕಟ್ಟಿಟ್ಟ ಬಳಕೆದಾರನ ಗುರುತು, ಲಾಗ್‌ನ ಐಡಿ ಮುಂತಾದವು ಹರಿವು ಥ್ರೆಡ್ ಬದಲಿಸಿದಾಗ ಜೊತೆಗೆ ಬರುವುದಿಲ್ಲ. ಅವನ್ನು ಸಾಗಿಸಲು ಬೇರೆ ಏರ್ಪಾಡು ಬೇಕು. ಈವೆಂಟ್ ಲೂಪ್‌ನಲ್ಲಿ ಯಾರೋ ಒಬ್ಬರು ಕಾಯುವ ಕರೆಯೊಂದನ್ನು ಸೇರಿಸಿದರೆ ಸಾವಿರಾರು ಗ್ರಾಹಕರಿಗೆ ಒಟ್ಟಿಗೆ ತಡೆ ಬೀಳುತ್ತದೆ. ಅಂಥ ಕರೆಗಳನ್ನು ಪತ್ತೆಹಚ್ಚಲೆಂದೇ ರಿಯಾಕ್ಟರ್ ಬಳಗ ಬ್ಲಾಕ್‌ಹೌಂಡ್ ಎಂಬ ಸಾಧನ ಕೊಡಬೇಕಾಯಿತು.

ಡೇಟಾಬೇಸ್‌ನದು ಇನ್ನೊಂದು ಕಥೆ. ಜಾವಾದ ಜೆಡಿಬಿಸಿ ಹುಟ್ಟಿನಿಂದಲೇ ಕಾಯುವ ಜಾತಿ. ಅದರ ಬದಲಿಗೆ ಸ್ಪ್ರಿಂಗ್ ಬಳಗದವರು 2018ರಲ್ಲಿ ಆರ್‌2ಡಿಬಿಸಿ ಮುಂದಿಟ್ಟರು. ಒರಾಕಲ್ ಕೂಡ ಅಸಿಂಕ್ರೋನಸ್ ಡೇಟಾಬೇಸ್ ಎಪಿಐ ಒಂದನ್ನು ರೂಪಿಸುತ್ತಿತ್ತು. 2019ರಲ್ಲಿ ಅದನ್ನು ಕೈಬಿಟ್ಟಿತು. ಕಾರಣ, ಅದೇ ಮನೆಯಲ್ಲಿ ಬೆಳೆಯುತ್ತಿದ್ದ ಲೂಮ್ ಯೋಜನೆ.

ಥ್ರೆಡ್ ಅಗ್ಗವಾದ ಮೇಲೆ

ರಾನ್ ಪ್ರೆಸ್ಲರ್ ಮುನ್ನಡೆಸಿದ ಲೂಮ್‌ನ ಫಲವಾಗಿ 2023ರ ಸೆಪ್ಟೆಂಬರಿನ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಪೂರ್ಣರೂಪದಲ್ಲಿ ಬಂತು. ಲಕ್ಷಗಟ್ಟಲೆ ಥ್ರೆಡ್ ಹುಟ್ಟಿಸಿದರೂ ಭಾರವಿಲ್ಲ. ಕಾಯುವಾಗ ಅವು ಆಪರೇಟಿಂಗ್ ಸಿಸ್ಟಂನ ಥ್ರೆಡ್ಡನ್ನು ಬಿಟ್ಟುಕೊಡುತ್ತವೆ. ಅದೇ ವರ್ಷದ ನವೆಂಬರಿನ ಸ್ಪ್ರಿಂಗ್ ಬೂಟ್ 3.2ರಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕು, ವರ್ಚುವಲ್ ಥ್ರೆಡ್‌ಗಳು ಬಳಕೆಗೆ ಬಂದವು. ಮೊದಮೊದಲು ತೊಡಕುಗಳಿದ್ದವು. ಸಿಂಕ್ರೊನೈಸ್ಡ್ ಬ್ಲಾಕ್‌ನೊಳಗೆ ಕಾಯುವ ವರ್ಚುವಲ್ ಥ್ರೆಡ್ ಅಡಿಯ ಥ್ರೆಡ್ಡನ್ನು ಬಿಡುತ್ತಿರಲಿಲ್ಲ. ಇದರಿಂದ ಸರ್ವಿಸ್‌ಗಳು ಸ್ತಬ್ಧವಾದ ಅನುಭವವನ್ನು ನೆಟ್‌ಫ್ಲಿಕ್ಸ್ ಎಂಜಿನಿಯರ್‌ಗಳೇ 2024ರಲ್ಲಿ ಬರೆದರು. 2025ರ ಮಾರ್ಚ್‌ನ ಜಾವಾ 24 ಆ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು.

ಹಾಗಾದರೆ ರಿಯಾಕ್ಟಿವ್ ಲೈಬ್ರರಿಗಳ ಕಾಲ ಮುಗಿಯಿತೇ? ಅವುಗಳನ್ನು ಜನ ಎರಡು ಬೇರೆ ಬೇರೆ ಕಾರಣಕ್ಕೆ ಬಳಸುತ್ತಿದ್ದರು. ಥ್ರೆಡ್ ದುಬಾರಿ ಎಂಬುದು ಒಂದು ಕಾರಣ. ಅದು ಈಗ ಬಿದ್ದುಹೋಗಿದೆ. ಹರಿವನ್ನು ಹರಿವಾಗಿಯೇ ನೋಡಬೇಕಾದ ಕೆಲಸಗಳು ಇನ್ನೊಂದು ಕಾರಣ. ಅದು ಹಾಗೆಯೇ ಉಳಿದಿದೆ. ಕ್ಷಣಕ್ಷಣಕ್ಕೆ ಬದಲಾಗುವ ಬೆಲೆಗಳನ್ನು ಅರ್ಧ ಸೆಕೆಂಡಿಗೊಮ್ಮೆ ಸಂಗ್ರಹಿಸಿ ಬ್ರೌಸರಿಗೆ ಕಳಿಸುವುದು, ಹೊಸದು ಬಂದಾಗ ಹಳೆಯ ಕೆಲಸ ರದ್ದುಮಾಡುವುದು, ವೇಗ ಬೇರೆ ಬೇರೆಯಾದ ಮೂರು ಮೂಲಗಳನ್ನು ಬೆಸೆಯುವುದು ಇಂಥ ಕೆಲಸಗಳು. ವರ್ಚುವಲ್ ಥ್ರೆಡ್‌ನಲ್ಲಿ ಇವನ್ನು ಮಾಡಲು ಹೊರಟರೆ ಕ್ಯೂ, ಟೈಮರ್, ರದ್ದತಿಯ ಧ್ವಜಗಳನ್ನು ಮತ್ತೆ ನಾವೇ ಬರೆಯಬೇಕಾಗುತ್ತದೆ.

ಆರಿಸುವವರಿಗೆ

ಡೇಟಾ ನಿಜವಾಗಿ ಹರಿವೋ ಅಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ನಿರ್ಧರಿಸಿಕೊಳ್ಳಿ. ವಿನಂತಿ ಬಂತು, ಡೇಟಾಬೇಸ್ ಓದಿದೆವು, ಎರಡು ಸರ್ವಿಸ್‌ಗಳನ್ನು ಕೇಳಿದೆವು, ಉತ್ತರ ಕೊಟ್ಟೆವು ಎನ್ನುವಷ್ಟೇ ಇದ್ದರೆ ಜಾವಾ 21 ಅಥವಾ ಅದರ ಮುಂದಿನ ಆವೃತ್ತಿಯಲ್ಲಿ ಸಾದಾ ಕೋಡ್ ಬರೆಯಿರಿ. ಹೊಸ ಕೆಲಸಗಳಲ್ಲಿ ಬಹುಪಾಲು ಈ ಗುಂಪಿನವೇ.

ನಿಜವಾದ ಹರಿವೇ ಆಗಿದ್ದರೆ ನಿಮ್ಮ ಫ್ರೇಮ್‌ವರ್ಕ್ ಯಾವ ಭಾಷೆ ಆಡುತ್ತದೋ ಅದನ್ನೇ ಆಡಿ: ಸ್ಪ್ರಿಂಗ್‌ಗೆ ರಿಯಾಕ್ಟರ್, ಕ್ವಾರ್ಕಸ್‌ಗೆ ಮ್ಯೂಟಿನಿ, ಕಾಟ್ಲಿನ್‌ಗೆ ಫ್ಲೋ. ಕವಲು ಹೆಚ್ಚಿರುವ ನಕ್ಷೆಗಳಿಗೆ ಪೆಕ್ಕೊ. ಅಕ್ಕಾ ಬೇಕೆಂದರೆ ಮೊದಲು ಲೈಸೆನ್ಸ್ ಓದಿ, ಬಜೆಟ್ ನೋಡಿ. ಆರ್‌ಎಕ್ಸ್‌ಜಾವಾದಲ್ಲಿ ಚೆನ್ನಾಗಿ ಓಡುತ್ತಿರುವ ಕೋಡನ್ನು ಫ್ಯಾಷನ್‌ಗಾಗಿ ಕೆಡವಬೇಡಿ. ಮೂರನೇ ಆವೃತ್ತಿಗೆ ತಂದು, ಹೊಸದನ್ನಷ್ಟೇ ಬೇರೆ ರೀತಿಯಲ್ಲಿ ಬರೆದರೆ ಸಾಕು. ಇತರರು ಬಳಸುವ ಲೈಬ್ರರಿ ಬರೆಯುತ್ತಿದ್ದರೆ ಹೊರಗೆ ಜಾವಾ 9ರ ಫ್ಲೋ ಇಂಟರ್‌ಫೇಸ್‌ಗಳನ್ನು ಮಾತ್ರ ತೋರಿಸಿ. ಒಳಗಿನ ಆಯ್ಕೆ ನಿಮ್ಮದೇ ಆಗಿರಲಿ.

ತೀರ್ಮಾನಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಮೆಮೊರಿಗೆ ಕಡಿಮೆ ಮಿತಿ ಹಾಕಿ, ಪಡೆಯುವ ಕಡೆಯನ್ನು ಬೇಕೆಂದೇ ನಿಧಾನ ಮಾಡಿ, ಓಡಲು ಬಿಡಿ. ಮೆಮೊರಿ ಏರುತ್ತಲೇ ಹೋಗುತ್ತದೆಯೇ, ಕಳಿಸುವ ಕಡೆ ನಿಧಾನವಾಗುತ್ತದೆಯೇ, ಅಂಶಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆಯೇ ನೋಡಿ. ನಡುವೆ ಒಂದು ಎಕ್ಸೆಪ್ಷನ್ ಎಸೆದು, ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಲಾಗ್ ಕೊಡಿ. ಬೆಂಗಳೂರಿನಂಥ ಊರಿನಲ್ಲಿ ಕೋಡ್ ಬರೆದವರೇ ಅದನ್ನು ಕೊನೆತನಕ ನೋಡಿಕೊಳ್ಳುವುದು ಅಪರೂಪ. ಹೊಸಬರು ದೋಷದ ಜಾಗ ಹುಡುಕಲಾರರು ಎಂದಾದರೆ ಆ ಲೈಬ್ರರಿ ಎಷ್ಟೇ ವೇಗವಾಗಿದ್ದರೂ ನಿಮ್ಮ ತಂಡಕ್ಕೆ ಒಗ್ಗದು. ಈ ಪರೀಕ್ಷೆಯಲ್ಲಿ ಪಾಸಾದದ್ದನ್ನು ಆರಿಸಿ. ಆಪರೇಟರ್‌ಗಳ ಪಟ್ಟಿಯನ್ನು ಆಮೇಲೆ ಬಿಡುವಾಗಿ ಓದಿಕೊಳ್ಳಬಹುದು.